ಅತ್ತಿ ಹಚ್ಚಿದ ಕರಕಿ

ಸಾಯಗಾಂವದಲ್ಲಿ ಕಳೆ ಕೀಳಲು ನಮ್ಮ ಅತ್ತಿ ಅಂಜನಾಬಾಯಿಯನ್ನು ಕರೆಯದ ಹೊಲದವರಿಲ್ಲ. ಕರಕಿ ಹುಲ್ಲನ್ನು ಬೇರುಸಹಿತ ಎತ್ತುವ ಕೈ ಅಂತ ಅವರಿಗೆ ಹೆಸರು. ಅಂಥವರೇ ಈ ವರ್ಷ ಬ್ಯಾಸಗಿ ಪೂರಾ ಕರಕಿ ನೆಟ್ಟು ಹಚ್ಚಿದರು.

ಮಾರ್ಚ್ ತಿಂಗಳಲ್ಲಿ ನನ್ನ ಎರಡನೇ ಕೂಸು ಒಂಬತ್ತು ದಿನ ಇದ್ದು ಹೋಯಿತು. ಗಂಡು. ಹೆಸರಿಟ್ಟಿರಲಿಲ್ಲ. ಔರಾದಿನ ನನ್ನ ತವರಲ್ಲಿ ಅವ್ವ ಇಲ್ಲ, ಅದಕ್ಕೇ ಬಾಣಂತನ ಅತ್ತಿ ಮನೆಯಲ್ಲೇ. ಭಾಲ್ಕಿ ದವಾಖಾನಿಯಿಂದ ಸಂಜೆ ತಂದ ಕೂಸನ್ನು ಮಾವ ಬಕ್ಕಪ್ಪ ಮತ್ತು ನನ್ನ ಗಂಡ ಓಂಪ್ರಕಾಶ ಇಬ್ಬರೇ ಒಯ್ದು ಹಳ್ಳದ ದಂಡಿಗೆ ಹೂಳಿ ಬಂದರು. ಸಣ್ಣ ಕೂಸುಗಳನ್ನೆಲ್ಲ ಇಡುವುದು ಅಲ್ಲೇ. ಬರೀ ಉಸುಕು. ತೋಡಿದಷ್ಟೂ ಕುಸಿಯುತ್ತಿತ್ತು, ಕುಣಿ ಮೊಳಕಾಲಾಳ ಸಹ ಆಗಲಿಲ್ಲ ಅಂತ ಇವರು ಆಮೇಲೆ ಹೇಳಿದರು. ನನಗೆ ಹೇಳಬಾರದಿತ್ತು.

ಹದಿನೈದು ದಿನಕ್ಕೆ ಬಿಸಿಗಾಳಿ ಸುರುವಾಯಿತು. ಕುರಿಗಳ ಹಿಂದೆ ಆ ಕಡೆ ಹೋದ ಅತ್ತಿ ಬಂದು ನೀರು ಸಹ ಕುಡಿಯದೆ ಕೂತರು. ಗಾಳಿಗೆ ಉಸುಕು ಹಾರಿ, ಯಾರದೋ ಕೂಸಿನ ಕುಣಿಯನ್ನು ನಾಯಿಗಳು ಕೆದರಿದ್ದವಂತೆ. ನಮ್ಮದು ಎಲ್ಲಿ ಅಂತ ಕೇಳಿದರೆ ಮಾವ ಜಾಲಿ ಗಿಡದ ಬುಡಕ್ಕೆ ಅಂದರು. ಬೀದರಿನ ಕೊಳಾರದ ಫ್ಯಾಕ್ಟರಿ ಕೆಲಸಕ್ಕೆ ಮರಳಿದ್ದ ಇವರು ಅಲ್ಲಿಂದ ಫೋನಿನಲ್ಲಿ, "ಇಲ್ಲಬೇ, ಗಿಡದಿಂದ ಹತ್ತ ಹೆಜ್ಜಿ ಈ ಕಡಿ" ಅಂದರು. ಗುರುತಿಗೆ ಇಟ್ಟಿದ್ದ ಕಲ್ಲೂ ಇರಲಿಲ್ಲ.

"ಕುರಿ ಮೂರು ಊರು ದಾಟಿ ಹೋದ್ರೂ ಹುಡಕಿ ತರ್ತೀರಿ," ಅಂದರು ಅತ್ತಿ ಮಾವನಿಗೆ. "ಕೂಸಿನ ಜಾಗ ಮಾತ್ರ ನೆಪ್ಪಿಲ್ಲ."

"ಅಲ್ಲಿಗಿ ತಿರುಗಿ ನೋಡಬಾರದ. ಹಿರ್ಯಾರು ಹೇಳ್ಯಾರ."

"ನನ್ನವು ಎರಡು ಅಲ್ಲೇ ಅವ. ತಿರುಗಿ ನೋಡಲಿಲ್ಲ. ಏನ ಸಿಕ್ತು?"

ಮಾವ ರುಮಾಲು ಸುತ್ತಿಕೊಂಡು ಹೊರಗೆ ಹೋದರು.

ಜಾಗ ಗೊತ್ತಿಲ್ಲದ್ದಕ್ಕೆ ಅತ್ತಿ ಗಿಡದಿಂದ ಹತ್ತು ಹೆಜ್ಜೆಯ ತನಕ ಪೂರಾ ಕರಕಿ ಹಚ್ಚುವುದೆಂದು ನಿಂತರು. ಮಳೆಗಾಲಕ್ಕೆ ಮುಂಚೆ ಬೇರು ಹೆಣೆದು ಉಸುಕನ್ನು ಹಿಡಿಯಬೇಕು. ಇಲ್ಲದಿದ್ದರೆ ಮೊದಲ ಮಳೆಗೆ ಎಲ್ಲ ತೆರೆದುಕೊಳ್ಳುತ್ತದೆ. ಮೊದಲ ಸಲ ತಪ್ಪಿತು. ಕುರಿಹಟ್ಟಿಯ ಹಸಿ ಹಿಕ್ಕಿ ಗೊಬ್ಬರ ಹಾಕಿದ್ದರಿಂದ ಕಾವಿಗೆ ಬೇರೆಲ್ಲ ಸುಟ್ಟು, ಹುಲ್ಲು ಬೀಡಿ ಎಲೆಯ ಹಾಗೆ ಕಂದಾಯಿತು. ಎರಡನೇ ಸಲ ಹೊಲದಿಂದ ಕಪ್ಪು ಎರಿ ಮಣ್ಣು ಹೊತ್ತು ತಂದು ಉಸುಕಿಗೆ ಬೆರೆಸಿದರು. ಹೋದ ವರ್ಷದ ಹಿಕ್ಕಿ ಪುಡಿ ಮಾಡಿ ತೂರಿದರು. ಕರಕಿ ಬಳ್ಳಿಯನ್ನು ಮೂರು ಮೂರು ಗೆಣ್ಣಿಗೆ ತುಂಡರಿಸುವ ಕೆಲಸ ನನ್ನದು. ಹೊಸ್ತಿಲಲ್ಲಿ ಕೂತು ಕತ್ತರಿಸುತ್ತಿದ್ದೆ. ಮೂರು ವರ್ಷದ ನನ್ನ ಮಗಳು ಗುಡಿಯಾ ಪಕ್ಕದಲ್ಲಿ ಕೂತು "ವಂದು, ಯಲ್ಡು, ಮೂರು" ಅಂತ ಗೆಣ್ಣು ಎಣಿಸುತ್ತಿದ್ದಳು. ಯಾತಕ್ಕೆ ಅಂತ ಅವಳಿಗೆ ಹೇಳಿರಲಿಲ್ಲ.

ಮೇಲೆ ಹಸಿ ಗೋಣಿಚೀಲ ಹಾಸಿ, ಹೊತ್ತು ಇಳಿದ ಮೇಲೆ ಬೋರಿಂಗಿನಿಂದ ಕೊಡ ಹೊತ್ತು ನೀರು. ಅಷ್ಟು ದೂರ ಘಡಿ ಘಡಿ ಯಾಕೆ ಹೋಗ್ತೀರಿ, ಒಮ್ಮೆಲೇ ಸುರಿದು ಬರ್ರಿ ಅಂದೆ.

"ಉಸುಕು ಅಂದ್ರ ಕೂಸಿನ ಹೊಟ್ಟಿ ಇದ್ದಂಗ, ಆರತಿ. ಒಮ್ಮಿಗೇ ಕುಡಿಸಿದ್ರ ನಿಲ್ಲಂಗಿಲ್ಲ. ಜರಾ ಜರಾ..."

ಅಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ನನಗಿನ್ನೂ ಹಾಲು ಬತ್ತಿರಲಿಲ್ಲ.

ಪಕ್ಕದ ಮನೆಯ ಸುಂದರಬಾಯಿಯ ಬಾಯಿ ಸುಮ್ಮನಿರುವುದಲ್ಲ. "ಅಂಜನಕ್ಕಾ, ಸುಡಗಾಡದಾಗ ಬಗೀಚಾ ಮಾಡ್ಲತ್ತಿಯಲ್ಲ, ಯಾವ ಕಲೆಕ್ಟರ್ ಸಾಬನ ಬಂಗ್ಲೇನ ಅದು?"

"ಸಾಬ ಒಳಗ ಮಲಗ್ಯಾನ. ಸಪ್ಪಳ ಮಾಡಬ್ಯಾಡ," ಅಂದು ಅತ್ತಿ ಕೊಡ ಎತ್ತಿದರು. ಮರುದಿನದಿಂದ ಸುಂದರಬಾಯಿಯೂ ಒಂದು ಕೊಡ ನೀರು ಹೊತ್ತಳು.

ಮೇ ಕೊನೆಗೆ ಎರಡು ಜಮಖಾನಿ ಹಾಸಿದಷ್ಟು ಹಸಿರಾಗಿದೆ ಅಂತ ಅತ್ತಿ ಹೇಳಿದರು. ಮಾವ ಸುತ್ತ ಜಾಲಿ ಮುಳ್ಳು ಕಟ್ಟಿ, ಕುರಿಗಳನ್ನು ಬೇರೆ ದಾರಿಗೆ ಹೊಡೆಯತೊಡಗಿದರು. ನನ್ನನ್ನು ಮಾತ್ರ ಅತ್ತಿ ಬಿಡಲಿಲ್ಲ. "ನೀ ಗುಡಿಯಾನ ನೋಡ್ಕೋ."

ಜೂನಿನಲ್ಲಿ ಎರಡು ದಿನ ಹೊಡೆದ ಮಳೆಗೆ ಹಳ್ಳ ತುಂಬಿತು. ಮೂರನೇ ದಿನ ಬೆಳಿಗ್ಗೆ ನಾನೂ ಹಿಂದೆ ಹೊರಟೆ. ಅತ್ತಿ ಬೇಡ ಅನ್ನಲಿಲ್ಲ.

ಹಳ್ಳ ದಂಡಿಯನ್ನೇ ಕೊಯ್ದುಕೊಂಡು ಹೋಗಿತ್ತು. ಹುಲ್ಲಿನಲ್ಲಿ ಅರ್ಧ ಇರಲಿಲ್ಲ. ಉಳಿದರ್ಧ ಗಟ್ಟಿಯಾಗಿತ್ತು. ಒಂದು ಬಿರುಕಿಲ್ಲ, ನಾಯಿ ಉಗುರು ಹಾಕಿದ ಗುರುತಿಲ್ಲ. ಕೊಯ್ದ ಅಂಚಿನಿಂದ ಬಿಳಿ ಬೇರು ಮೊಳದುದ್ದ ಜೋತುಬಿದ್ದಿತ್ತು. ಕೆಳಗೆ ಕುಸಿದ ಉಸುಕಿನಲ್ಲಿ ಹುಲ್ಲಿನ ಹೆಂಟೆಗಳು ಬೋರಲು ಬಿದ್ದಿದ್ದವು. ನಾನು ಹುಡುಕಿದ್ದು ಬಿಳಿ ಅರಿವೆಯನ್ನು, ಅವನನ್ನು ಸುತ್ತಿದ್ದನ್ನು. ಕಂಡದ್ದೆಲ್ಲ ಪ್ಲಾಸ್ಟಿಕ್ ಚೀಲ.

"ಅತ್ತೀ, ಉಳಿದದ್ದರಾಗ ಇದ್ದಾನೇನ್ರಿ?"

ಅವರು ಹೌದು ಅಂದಿದ್ದರೆ ನಾನು ನಂಬುತ್ತಿದ್ದೆ.

"ನನಗ ಗೊತ್ತಿಲ್ಲವ್ವಾ," ಅಂದರು.

ಆಮೇಲೆ ಸೀರೆ ಎತ್ತಿಕಟ್ಟಿ ಕೆಳಗೆ ಇಳಿದರು. ಒಂದೊಂದೇ ಹೆಂಟೆ ಎತ್ತಿ, ಜಾಡಿಸಿ, ಮೇಲೆ ನನ್ನ ಕೈಗೆ ಕೊಟ್ಟರು. ಅಂಚಿನಿಂದ ಒಂದು ಮಾರು ಒಳಗೆ, ಬರಿದಾದ ಕಡೆಯೆಲ್ಲ ಕೂರಿಸುತ್ತ ಹೋದೆ. ಕೈಯಿಂದ ಎಷ್ಟು ಒತ್ತಿದರೂ ಕೂರಲಿಲ್ಲ.

"ತುಳಿ," ಅಂದರು ಅತ್ತಿ ಮೇಲೆ ಬಂದು. "ತುಳದ್ರೇ ಬೇರು ಮಣ್ಣ ಹಿಡೀತದ."

"ಇಲ್ಲಿ ಹ್ಯಾಂಗ ತುಳೀಲ್ರಿ?"

ಅತ್ತಿ ತಾವೇ ಹುಲ್ಲಿನ ಮೇಲೆ ಹತ್ತಿ, ಸೀರೆ ಹಿಡಿದುಕೊಂಡು, ಸಣ್ಣ ಸಣ್ಣ ಹೆಜ್ಜೆ ಇಡತೊಡಗಿದರು. ಒಂದು ಸಾಲು ಮುಗಿಸಿ ನನಗಾಗಿ ನಿಂತರು.

ನಾನು ಚಪ್ಪಲಿ ಬಿಟ್ಟು ಹತ್ತಿದೆ. ಹುಲ್ಲು ತಣ್ಣಗಿತ್ತು.