ಡಿಸ್ಕ್ ಒರಗಿದ್ದ ಹಳದಿ ಡಬ್ಬಿ

ಕೊರೊನಾ ಮುಗಿದು ವಿಮಾನಗಳು ಮೊದಲಿನಂತೆ ಹಾರತೊಡಗಿದ ಮೇಲಿನ ಎರಡನೇ ಚಳಿಗಾಲ. ಕುವೈತಿನಲ್ಲಿ ಆ ವಾರವಿಡೀ ಮಳೆ ಸುರಿದಿತ್ತು. ರಸ್ತೆಗಳಲ್ಲಿ ನೀರು ನಿಂತು, ಮಿರ್ಕಾಬಿನ ನಮ್ಮ ಆಫೀಸಿಗೆ ಅರ್ಧದಷ್ಟು ಜನ ಬಂದಿರಲಿಲ್ಲ. ಶನಿವಾರ ಬೆಳಗಾಗುವಾಗ ಮಾತ್ರ ಆಕಾಶ ತೊಳೆದು ಕವುಚಿಟ್ಟ ಪಿಂಗಾಣಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಆ ಶನಿವಾರ ನಡೆದದ್ದನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ. ಮಂಗಳೂರಿನಲ್ಲಿರುವ ನನ್ನ ಅತ್ತೆಗೆ ಇದನ್ನು ಓದಿಯೇ ಗೊತ್ತಾಗಬೇಕಷ್ಟೆ.

ನನ್ನ ಗಂಡ ವಿಲ್ಲಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಶಿಯನ್. ಅವನಿಗೊಂದು ಹುಚ್ಚು, ಡಿಸ್ಕ್ ಗಾಲ್ಫ್. ಹೆಸರು ಕೇಳಿದವರೆಲ್ಲ ‘ಹಾಗೆಂದರೆ ಎಂತದು?’ ಎಂದು ಕೇಳುವುದರಿಂದ ಮೊದಲೇ ಹೇಳಿಬಿಡುತ್ತೇನೆ. ಇದೂ ಗಾಲ್ಫಿನ ಹಾಗೆಯೇ, ಆದರೆ ಕೋಲು, ಚೆಂಡು ಇಲ್ಲ. ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಡಿಸ್ಕನ್ನು ಕೈಬೀಸಿ ಎಸೆಯಬೇಕು. ಕುಳಿಯ ಬದಲು ದೂರದಲ್ಲೊಂದು ಕಂಬ, ಅದಕ್ಕೆ ಸುತ್ತಲೂ ಸರಪಳಿ ಇಳಿಬಿಟ್ಟ ಬುಟ್ಟಿ. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದಂತೆ. ಡಿಸ್ಕ್ ಬಿದ್ದಲ್ಲಿಂದಲೇ ಮುಂದಿನ ಎಸೆತ. ಬಿದ್ದ ಡಿಸ್ಕನ್ನು ಎತ್ತುವ ಮೊದಲು ಅದರ ಮುಂದೆ ಪುಟ್ಟ ಬಿಲ್ಲೆಯೊಂದನ್ನು ಗುರುತಿಗೆ ಇಡಬೇಕು. ಎಸೆಯುವಾಗ ಕಾಲು ಆ ಗುರುತಿನ ಬೆನ್ನಿಗೇ ಇರಬೇಕು. ಎಸೆದ ಮೇಲೆ ಬೀಸಿದ ರಭಸಕ್ಕೆ ಕಾಲು ಗುರುತನ್ನು ದಾಟಿ ಮುಂದೆ ಹೋದರೆ ಯಾರೂ ಕೇಳುವುದಿಲ್ಲ. ವಿಲ್ಲಿಯ ಕಾಲು ಯಾವಾಗಲೂ ಹೋಗುತ್ತಿತ್ತು.

ರಜೆ ಸಿಕ್ಕಿತೆಂದರೆ ನಾವು ಹೋಗುತ್ತಿದ್ದದ್ದು ಈ ಆಟಕ್ಕೇ. ಮೈದಾನ ಇದ್ದಲ್ಲಿ ಮೈದಾನದಲ್ಲಿ, ಇಲ್ಲದಲ್ಲಿ ನಮ್ಮದೇ ಮಡಚುವ ಬುಟ್ಟಿ ನೆಟ್ಟು ಆಡುವುದು. ಸಲಾಲಾದ ಮಳೆಗಾಲದ ಹಸಿರು ದಿಬ್ಬ, ಬಹರೈನಿನ ಕಡಲಕರೆ, ಜಾರ್ಜಿಯಾದ ಪೈನ್ ಮರಗಳ ಇಳಿಜಾರು, ಊರಿಗೆ ಹೋದಾಗ ಬಜ್ಪೆ ಕಡೆಯ ಕೆಂಪು ಮುರಕಲ್ಲಿನ ಬಯಲು, ಹೀಗೆ. ಪ್ರತಿ ಸಲ ಹಿಂದಿರುಗುವ ದಾರಿಯಲ್ಲಿ ವಿಲ್ಲಿ ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಟ್ಟು, ಯಾವ ಜಾಗ ಮೊದಲು, ಯಾವುದು ಎರಡನೆಯದು ಎಂದು ತೀರ್ಪು ಹೇಳುತ್ತಿದ್ದ. ಆಟದ ಗೆಳೆಯರ ವಾಟ್ಸಾಪ್ ಗುಂಪಿಗೆ ಉದ್ದುದ್ದ ವಿಮರ್ಶೆಯನ್ನೂ ಹಾಕುತ್ತಿದ್ದ. ಅವನಿಗೆ ಗಾಳಿ ಮುಖ್ಯ, ಮರಗಳ ನಡುವಿನ ಸಂದು ಮುಖ್ಯ. ನಾನು ನೋಡುತ್ತಿದ್ದದ್ದು ಒಂದನ್ನೇ, ಹತ್ತಿರದಲ್ಲಿ ಹೆಂಗಸರಿಗೆ ಶೌಚಾಲಯ ಉಂಟೋ ಇಲ್ಲವೋ ಎಂದು. ಇಲ್ಲದ ಜಾಗ ಸ್ವರ್ಗವಾದರೂ ನನ್ನ ಲೆಕ್ಕದಲ್ಲಿ ಫೇಲು.

ನಮ್ಮ ಜೊತೆಗಾರ ರಫೀಕ್. ಉಳ್ಳಾಲದ ಬ್ಯಾರಿ ಹುಡುಗ. ಹುಡುಗ ಎಂದರೂ ಎರಡು ಮಕ್ಕಳ ತಂದೆ. ಸಬ್ಹಾನಿನ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅವನ ಮಾರ್ಕೆಲ್ಲ ಊಟಕ್ಕೆ. ‘ಜಾರ್ಜಿಯಾಕ್ಕೆ ಒಂಬತ್ತು ಯಾಕೆ ಪೊರ್ಬುಲೇ? ಬರೇ ಬ್ರೆಡ್ಡು! ಸಲಾಲಾದಲ್ಲಿ ಮೀನು ಹೇಗಿತ್ತು?’ ಎಂದು ವಿಲ್ಲಿಯ ಜೊತೆ ಜಗಳಕ್ಕೇ ನಿಲ್ಲುತ್ತಿದ್ದ. ನಮ್ಮ ಕಡೆ ಕ್ರೈಸ್ತರನ್ನು ತುಳುವಿನಲ್ಲಿ ಪೊರ್ಬುಲು ಎನ್ನುತ್ತಾರೆ. ರಫೀಕನ ಬಾಯಲ್ಲಿ ವಿಲ್ಲಿಗೆ ಅದೇ ಹೆಸರು. ಒಮ್ಮೆ ವಿಮಾನ ನಿಲ್ದಾಣದಲ್ಲಿ ನಮ್ಮ ಬುಟ್ಟಿಯನ್ನು ಬಿಚ್ಚಿಸಿ ಇದೇನು ಎಂದು ಕೇಳಿದಾಗ ವಿಲ್ಲಿ ಆಟದ ನಿಯಮಗಳನ್ನೆಲ್ಲ ವಿವರಿಸತೊಡಗಿದ್ದ. ಹಿಂದಿನಿಂದ ರಫೀಕ್, ‘ಕೋಳಿ ಸುಡುವುದು ಅಂತ ಹೇಳಿ ಮಾರಾಯ್ರೆ, ಬೇಗ ಬಿಡ್ತಾರೆ’ ಎಂದಿದ್ದ.

ಆ ಪಟ್ಟಿಯಲ್ಲಿ ಕುವೈತಿಗೆ ಮಾತ್ರ ಜಾಗವಿರಲಿಲ್ಲ. ಪಾರ್ಕುಗಳಲ್ಲಿ ಡಿಸ್ಕ್ ಎಸೆದರೆ ಕಾವಲುಗಾರರು ಓಡಿಸುತ್ತಿದ್ದರು. ‘ಅನ್ನ ಕೊಟ್ಟ ಊರು. ಪಟ್ಟಿಯ ಕೊನೆಯಲ್ಲಾದರೂ ಬರಬೇಡವಾ?’ ಎಂದು ವಿಲ್ಲಿ ಕೊರಗುತ್ತಿದ್ದ. ಮಳೆ ಬಿದ್ದ ಮೇಲೆ ಮರುಭೂಮಿಯ ಮರಳು ಗಟ್ಟಿಯಾಗಿ, ಅಲ್ಲಲ್ಲಿ ಹಸಿರು ಚಿಗುರುತ್ತದೆ. ಇಲ್ಲಿನವರು ಡೇರೆ ಹಾಕಿಕೊಂಡು ಚಳಿ ಕಾಯಿಸುವ ಕಾಲ ಅದು. ‘ಈ ಶನಿವಾರವೇ’ ಎಂದ ವಿಲ್ಲಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ನಮಗೆ ಚರ್ಚು, ರಫೀಕನಿಗೆ ಜುಮ್ಮಾ. ಹಾಗಾಗಿ ನಮ್ಮ ಆಟವೆಲ್ಲ ಶನಿವಾರವೇ. ಮಗಳು ರಿಯಾಳನ್ನು ಕರೆದರೆ, ‘ಪಪ್ಪಾ, ಇಟ್ಸ್ ಜಸ್ಟ್ ಸ್ಯಾಂಡ್’ ಎಂದು ಹೊದಿಕೆ ಎಳೆದುಕೊಂಡಳು. ಅವಳನ್ನು ರಿಗ್ಗೈಯ ನಮ್ಮ ಕಟ್ಟಡದಲ್ಲೇ ಇರುವ ನನ್ನ ತಂಗಿಯ ಮನೆಯಲ್ಲಿ ಬಿಟ್ಟು ಹೊರಟೆವು. ಬರಲಿಲ್ಲವಲ್ಲ ಎಂದು ಈಗಲೂ ದೇವರಿಗೆ ಕೈಮುಗಿಯುತ್ತೇನೆ.

ಜಹ್ರಾ ದಾಟಿ ಉತ್ತರಕ್ಕೆ ಹೋಗಿ, ಡೇರೆಗಳೆಲ್ಲ ಹಿಂದಾದ ಮೇಲೆ ರಫೀಕ್ ಗಾಡಿಯನ್ನು ರಸ್ತೆಯಿಂದ ಇಳಿಸಿದ. ಎಷ್ಟು ಚಂದ ಇತ್ತೆಂದರೆ, ಮರಳಿನ ಮೇಲೆ ತೆಳುವಾಗಿ ಹಸಿರು ಬಳಿದಂತೆ, ನಡುನಡುವೆ ನೀರು ಹರಿದು ಕೊರೆದ ಸಣ್ಣ ಸಣ್ಣ ಸಾಲು. ‘ಗಾಳಿಗೆ ಹತ್ತಕ್ಕೆ ಹತ್ತು’ ಎಂದ ವಿಲ್ಲಿ. ‘ಶೌಚಾಲಯ?’ ಎಂದೆ. ‘ಇಡೀ ಮರುಭೂಮಿ ನಿಮ್ಮದೇ ಲವೀನಕ್ಕ’ ಎಂದ ರಫೀಕ್. ಫ್ಲಾಸ್ಕಿನ ಚಹಾ, ನಾನು ಮಾಡಿದ ನೀರುದೋಸೆ, ಕೋಳಿ ಸುಕ್ಕ. ಬಿಸಿಲಿನಲ್ಲಿ ಚಳಿ, ಚಳಿಯಲ್ಲಿ ಬಿಸಿಲು. ನಾವು ಮೂವರೂ ಅಷ್ಟು ನಕ್ಕ ಬೆಳಗ್ಗೆ ಮತ್ತೊಂದು ನೆನಪಿಲ್ಲ.

ಆಟದಲ್ಲಿ ಒಬ್ಬರು ಎಸೆಯುವಾಗ ಉಳಿದವರು ಮಾತಾಡಬಾರದೆಂಬ ಶಿಸ್ತು ಉಂಟು. ರಫೀಕನ ಹತ್ತಿರ ಆ ಶಿಸ್ತು ನಡೆಯುತ್ತಿರಲಿಲ್ಲ. ವಿಲ್ಲಿ ಕೈಬೀಸುವ ಹೊತ್ತಿಗೆ ಸರಿಯಾಗಿ ‘ಪೊರ್ಬುಲೇ, ಒಂಟೆ!’ ಎನ್ನುವುದು, ಇಲ್ಲದಿದ್ದರೆ ‘ಹಾವು!’ ಎನ್ನುವುದು. ನಾನೂ ಕೆಲವು ಸಲ ಸೇರಿಕೊಳ್ಳುತ್ತಿದ್ದೆ. ಅಂದು ಹಾವಿನ ಬೊಬ್ಬೆಗೆ ವಿಲ್ಲಿ ನಿಜಕ್ಕೂ ಹಾರಿಬಿದ್ದು, ಡಿಸ್ಕ್ ಎಲ್ಲಿಗೋ ಹೋಯಿತು. ಅವನಿಗೆ ಸಿಟ್ಟು ಬಂತು. ‘ಇನ್ನು ಯಾರಾದರೂ ಬಾಯಿ ಬಿಟ್ಟರೆ ಜಹ್ರಾದವರೆಗೆ ನಡೆದೇ ಹೋಗಬೇಕು, ಹೇಳಿದ್ದೇನೆ’ ಎಂದ.

ಆ ಸಿಟ್ಟಿನಲ್ಲೇ ಅವನು ಮತ್ತೆ ಎಸೆದ ಡಿಸ್ಕ್ ಗಾಳಿಗೆ ವಾಲಿ, ನೀರು ಕೊರೆದ ಒಂದು ಸಾಲಿನ ಬದಿಯಲ್ಲಿ ಬಿತ್ತು. ನಾನು ಬುಟ್ಟಿಯ ಪಕ್ಕದಲ್ಲಿ ನಿಂತು ಗುಂಪಿನ ವಿಮರ್ಶೆಗೆಂದು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ. ರಫೀಕ್ ನನ್ನ ಬಳಿ ಇದ್ದ. ವಿಲ್ಲಿ ಒಬ್ಬನೇ ಡಿಸ್ಕಿನ ಹತ್ತಿರ ಹೋಗಿ, ಜೇಬಿನಲ್ಲಿ ಗುರುತಿನ ಬಿಲ್ಲೆ ಹುಡುಕಿದ. ಸಿಗಲಿಲ್ಲ. ಅದನ್ನು ಅವನು ಎಲ್ಲ ಕಡೆ ಕಳೆದುಕೊಂಡು, ಕಲ್ಲು, ಬಾಟಲಿ ಮುಚ್ಚಳ, ಖಾಲಿ ಟಿನ್ನು, ಸಿಕ್ಕಿದ್ದನ್ನು ಇಡುವುದು ರೂಢಿ. ಬಗ್ಗಿ ನೋಡಿ ನಕ್ಕ.

‘ಲವೀ, ಇಲ್ಲಿ ಗುರುತಿಗೆ ಟಿನ್ನೊಂದು ರೆಡಿ ಉಂಟು! ಡಿಸ್ಕ್ ಅದಕ್ಕೇ ಒರಗಿ ಕೂತಿದೆ’ ಎಂದು ಕೂಗಿ ಡಿಸ್ಕನ್ನು ಎತ್ತಿಕೊಂಡ. ಆ ಗುರುತಿನ ಹಿಂದೆ ಬಲಗಾಲಿಟ್ಟು ನಿಂತ.

ಏನದು ಎಂದು ನಾನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ತಂಪು ಪಾನೀಯದ ಟಿನ್ನಿನಷ್ಟು ದೊಡ್ಡ ಡಬ್ಬಿ. ಅರ್ಧ ಮರಳಿನೊಳಗೆ. ಬಣ್ಣ ಮಾಸಿದ ಹಳದಿ.

ಆ ವಾರವಷ್ಟೇ ಆಫೀಸಿನಲ್ಲಿ ಯಾರೋ ಅಂಥದೇ ಡಬ್ಬಿಯ ಫೋಟೊ ಕಳಿಸಿದ್ದರು. ಇಲ್ಲಿ ಪ್ರತಿ ಚಳಿಗಾಲ ಬರುವ ಎಚ್ಚರಿಕೆಯೇ ಅದು: ಹಳೆಯ ಕೊಲ್ಲಿ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬುಗಳನ್ನು ಮಳೆ ಮೇಲಕ್ಕೆ ತರುತ್ತದೆ, ಮರುಭೂಮಿಯಲ್ಲಿ ಕಂಡದ್ದನ್ನು ಮುಟ್ಟಬೇಡಿ. ನಾವೆಲ್ಲ ಅದನ್ನು ಓದಿ, ಪಕ್ಕದವರಿಗೆ ಕಳಿಸಿ, ಮರೆಯುತ್ತೇವೆ.

‘ವಿಲ್ಲೀ, ಅಲುಗಾಡಬೇಡ!’ ನಾನು ಕೊಂಕಣಿಯಲ್ಲಿ ಕಿರುಚಿದೆ. ‘ಅದು ಬಾಂಬು!’

ಬೀಸಲೆಂದು ಹಿಂದಕ್ಕೆ ಒಯ್ದಿದ್ದ ಕೈಯನ್ನು ಅವನು ಇಳಿಸಿದ. ನನ್ನ ಕಡೆ ತಿರುಗಿದ. ಮುಖ ಕೆಂಪಾಗಿತ್ತು.

‘ಲವಿ, ನೀನೂ ಶುರು ಮಾಡಿದೆಯಾ? ಅವನಿಗೆ ಹಾವು, ನಿನಗೆ ಬಾಂಬು. ಒಂದು ಎಸೆತ ಸರಿಯಾಗಿ ಎಸೆಯಲಿಕ್ಕೆ ಬಿಡುವುದಿಲ್ಲವಲ್ಲ!’

‘ದೇವರೇ, ವಿಲ್ಲಿ, ಕಾಲಿನ ಹತ್ತಿರ ನೋಡು!’

‘ನೋಡುವುದಿಲ್ಲ. ನೋಡಿದರೆ ಇಬ್ಬರೂ ನಗುವುದು ನನಗೆ ಗೊತ್ತುಂಟು.’ ಮತ್ತೆ ಬುಟ್ಟಿಯ ಕಡೆ ದೃಷ್ಟಿ ನೆಟ್ಟು, ಮೊಣಕಾಲು ಮಡಚಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಓಡಿ ಹೋಗಿ ಹಿಡಿಯೋಣವೆಂದರೆ ಅಷ್ಟು ಸಮಯವಿಲ್ಲ. ಅವನು ಬೀಸಿದರೆ ಆ ಕಾಲು ಮುಂದಕ್ಕೆ ಬರುತ್ತದೆ, ಡಬ್ಬಿಯ ಮೇಲೆಯೇ ಬರುತ್ತದೆ. ಅದೊಂದೇ ತಲೆಯಲ್ಲಿ. ಪಕ್ಕದಲ್ಲಿ ರಫೀಕ್ ಮೊದಲು ನಕ್ಕಿದ್ದ, ನಾನು ಒಳ್ಳೆಯ ಪಟ್ಟು ಹಾಕಿದೆನೆಂದು. ಆಮೇಲೆ ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದ. ನಗು ಹಾಗೇ ಒಣಗಿಹೋಯಿತು. ಬೊಬ್ಬೆ ಹಾಕಲಿಲ್ಲ ಅವನು. ಎರಡೂ ಕೈ ಮೇಲಕ್ಕೆತ್ತಿ, ನಾನು ಯಾವತ್ತೂ ಕೇಳದಿದ್ದ ಸ್ವರದಲ್ಲಿ ಹೇಳಿದ.

‘ವಿಲ್ಲಿಯಣ್ಣ. ಅಲ್ಲಾಹನ ಆಣೆ.’

ಪೊರ್ಬುಲೇ ಎನ್ನಲಿಲ್ಲ. ಆಟದಲ್ಲಿ ಸಾವಿರ ಸುಳ್ಳು ಹೇಳಿಯಾನು ರಫೀಕ್, ಆದರೆ ದೇವರ ಹೆಸರನ್ನು ತಮಾಷೆಗೆ ಎಳೆದು ತರುವವನಲ್ಲ. ಅದು ವಿಲ್ಲಿಗೂ ಗೊತ್ತು. ಅವನ ಕೈ ಗಾಳಿಯಲ್ಲೇ ನಿಂತಿತು. ನಿಧಾನವಾಗಿ ತಲೆ ತಗ್ಗಿಸಿ ಕೆಳಗೆ ನೋಡಿದ. ಅವನ ಬೂಟಿನ ತುದಿಗೂ ಆ ಡಬ್ಬಿಗೂ ನಡುವೆ ಒಂದು ಅಂಗೈ ಹಿಡಿಸುವಷ್ಟೂ ಜಾಗವಿರಲಿಲ್ಲ.

ಬುಟ್ಟಿಯ ಸರಪಳಿ ಗಾಳಿಗೆ ಕಿಣಿಕಿಣಿ ಎನ್ನುತ್ತಿತ್ತು. ನನಗೆ ಅದನ್ನು ಹೋಗಿ ಹಿಡಿದುಕೊಳ್ಳಬೇಕೆನಿಸಿತು, ಆ ಸದ್ದಿಗೇ ಎಲ್ಲಿ ಸಿಡಿಯುತ್ತದೋ ಎಂದು.

‘ಹಿಂದೆ ಹೋಗು’ ಎಂದೆ ಕಡೆಗೆ. ‘ನಿನ್ನ ಹೆಜ್ಜೆ ಕಾಣಿಸುತ್ತದೆ. ಬಂದ ಹೆಜ್ಜೆಯ ಮೇಲೆಯೇ ಹೋಗು.’ ಒದ್ದೆ ಮರಳಿನಲ್ಲಿ ಅವನ ಬೂಟಿನ ಗುರುತು ಚೆನ್ನಾಗಿ ಮೂಡಿತ್ತು. ಬಲಗಾಲನ್ನು ಎತ್ತಿ ಹಿಂದಿನ ಹೆಜ್ಜೆಯ ಮೇಲೆ ಇಟ್ಟ. ಒಂದು ಹೆಜ್ಜೆ. ಮತ್ತೊಂದು. ಅವನು ಅಷ್ಟು ದೂರ ಹೋದ ಮೇಲೆ ನಮಗೆ ಹೊಳೆಯಿತು, ಮರಳಿನಡಿಯಲ್ಲಿ ಇದೊಂದೇ ಇದೆಯೆಂದು ಯಾರು ಹೇಳಿದರು? ನಾವಿಬ್ಬರೂ ನಮ್ಮ ನಮ್ಮ ಹೆಜ್ಜೆಗಳನ್ನೇ ಹುಡುಕಿ ತುಳಿಯುತ್ತ ಗಾಡಿಯ ಬಳಿ ಬಂದೆವು. ಮೂವರೂ ಗಾಡಿ ಹತ್ತಿ, ಬಂದ ಚಕ್ರದ ಜಾಡಿನ ಮೇಲೆಯೇ ಹಿಂದಕ್ಕೆ ಹೋಗಿ, ರಸ್ತೆ ಸೇರಿದ ಮೇಲೆ ರಫೀಕ್ ಪೊಲೀಸರಿಗೆ ಫೋನ್ ಮಾಡಿದ.

ಅವರು ಬೇಗನೆ ಬಂದರು. ಆಮೇಲೆ ಬಾಂಬು ತೆಗೆಯುವವರ ಗಾಡಿಯೂ ಬಂತು. ನಮ್ಮನ್ನು ಬಹಳ ದೂರ ಕಳಿಸಿ ದಾರಿ ಮುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯನ್ನು ಅಲ್ಲಿಯೇ ಸಿಡಿಸಿದರು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಂದು ತಾಗಿತು. ಅಷ್ಟು ದೂರದಲ್ಲಿದ್ದರೂ ಮಣ್ಣು ಎದ್ದದ್ದು ಕಂಡಿತು. ವಿಲ್ಲಿ ತನ್ನ ಬಲಗಾಲನ್ನೇ ನೋಡಿಕೊಂಡು ಕೂತಿದ್ದ. ಗಟ್ಟಿ ಕವಚ ತೊಟ್ಟ ಒಬ್ಬರು ನಮ್ಮ ಬುಟ್ಟಿಯನ್ನು ಹೆಗಲ ಮೇಲೆ ಹೊತ್ತು, ಸರಪಳಿ ಗಲಗಲ ಮಾಡುತ್ತ ನಡೆದು ಬಂದಾಗ ಪೊಲೀಸರೆಲ್ಲ ನಕ್ಕರು. ನಾವೂ ನಕ್ಕೆವು. ಆ ನಗುವಿನ ನಡುವೆಯೇ ನನಗೆ ಅಳು ಬಂದು, ನಿಲ್ಲಿಸಲಾಗಲಿಲ್ಲ.

ಒಬ್ಬ ಯುವ ಅಧಿಕಾರಿ ನಮ್ಮನ್ನು ಗದರಿಸಲೆಂದೇ ಬಂದವರು, ನನ್ನ ಅವಸ್ಥೆ ನೋಡಿ ಸುಮ್ಮನಾದರು. ಇದು ಯಾವ ಆಟ ಎಂದು ಕೇಳಿ, ವಿಲ್ಲಿಯ ಕೈಯಲ್ಲಿದ್ದ ಡಿಸ್ಕನ್ನು ತೆಗೆದುಕೊಂಡು ರಸ್ತೆಯುದ್ದಕ್ಕೆ ಎಸೆದರು. ಅದು ಡೊಂಕಾಗಿ ಹೋಗಿ ಅವರದೇ ಜೀಪಿಗೆ ಬಡಿಯಿತು. ‘ಖಲಾಸ್. ಇನ್ನು ಇಲ್ಲಿ ಬೇಡ. ಸಮುದ್ರದ ಹತ್ತಿರ ಆಡಿ’ ಎಂದು ಅರಬಿ ಬೆರೆಸಿದ ಇಂಗ್ಲಿಷಿನಲ್ಲಿ ಹೇಳಿ ಕಳಿಸಿದರು.

ಹಿಂದಿರುಗುವಾಗ ರಿಗ್ಗೈ ಹತ್ತಿರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ರಫೀಕ್ ಎದುರಿಗೇ ನೋಡುತ್ತ, ‘ಈ ಜಾಗಕ್ಕೆ ಎಷ್ಟು ಮಾರ್ಕು ಪೊರ್ಬುಲೇ?’ ಎಂದ. ವಿಲ್ಲಿ, ‘ಶೌಚಾಲಯ ಇಲ್ಲ. ಲವಿ ಪಾಸು ಮಾಡುವುದಿಲ್ಲ’ ಎಂದ. ಮನೆಯಲ್ಲಿ ಚಹಾದ ಕಪ್ಪನ್ನು ನಾನೇ ಹಿಡಿದು ಕುಡಿಸಿದೆ.

ರಫೀಕ್ ಕಳೆದ ವರ್ಷ ಇಲ್ಲಿಯದೆಲ್ಲ ಮುಗಿಸಿಕೊಂಡು ಊರಿಗೆ ಹೋದ. ನಾವಿಬ್ಬರೂ ಈಗಲೂ ಆಡುತ್ತೇವೆ, ಸಮುದ್ರದ ಬದಿಯಲ್ಲಿ. ಬೇರೆ ದೇಶಕ್ಕೆ ಹೋದರೆ ಹುಲ್ಲು ಕತ್ತರಿಸಿದ ಮೈದಾನಗಳಲ್ಲಿ. ಇಬ್ಬರೇ ಆಡುವ ಆಟದಲ್ಲಿ ಶಿಸ್ತು ಜಾಸ್ತಿ, ಗಮ್ಮತ್ತು ಕಡಿಮೆ. ಸಲಾಲಾದ ದಿಬ್ಬವೂ ಜಾರ್ಜಿಯಾದ ಇಳಿಜಾರೂ ನೆನಪಿಗೆ ಬರುವುದು ರಫೀಕನ ಬೊಬ್ಬೆಯ ಜೊತೆಗೇ.

ಆದರೆ ನಿದ್ದೆ ಬಾರದಿರುವಾಗ ನನ್ನ ಕಣ್ಣಿಗೆ ಬರುವುದು ಸಿಡಿದ ಬಾಂಬಲ್ಲ, ಎದ್ದ ಮಣ್ಣಲ್ಲ. ಕೈ ಇಳಿಸಿ ನನ್ನ ಕಡೆ ತಿರುಗಿದ ವಿಲ್ಲಿಯ ಆ ಕೆಂಪು ಮುಖ, ನನ್ನ ಮೇಲಿನ ಆ ಸಿಟ್ಟು. ಅವನ ಮುಖವನ್ನು ನಾನು ಕೊನೆಯದಾಗಿ ನೋಡಿದ್ದು ಅದೇ ಆಗಿಬಿಡುವುದರಲ್ಲಿತ್ತು. ಮೊನ್ನೆ ಅವನು ಪ್ರಯಾಣಕ್ಕೆಂದು ಬುಟ್ಟಿಯ ಕಂಬ ಮಡಚುತ್ತಿದ್ದ. ನಾನು ನಡುವೆ ಏನೋ ಕೇಳಿದೆ. ‘ಒಂದು ನಿಮಿಷ ಬಾಯಿ ಮುಚ್ಚಿ ಕೂರಲಿಕ್ಕಾಗುವುದಿಲ್ಲವಾ ನಿನಗೆ?’ ಎಂದು ರೇಗಿದ. ಮೊದಲಾಗಿದ್ದರೆ ನಾನು ಎರಡು ದಿನ ಮಾತು ಬಿಡುತ್ತಿದ್ದೆ. ಈಗ ಹಾಗಲ್ಲ. ಕೆಂಪಾದ ಆ ಮುಖವನ್ನು ನೋಡುತ್ತ ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ‘ಎಂತ ನಗುವುದು?’ ಎಂದು ಇನ್ನಷ್ಟು ರೇಗಿದ. ರೇಗಲಿ ಅಂದುಕೊಂಡೆ.