ಸರಿಪಡಿಸಿದವರು

ಕೆಮ್ಮಿನ ಔಷಧಿಯನ್ನು ಬಾಟಲಿಗೆ ತುಂಬುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಅದನ್ನು ಹಿಡಿದು ಕರೆಯುವವರೇ ಇರಲಿಲ್ಲ. ಒಮ್ಮೆ ಹೊಸ ಗುಮಾಸ್ತನೊಬ್ಬ ಆ ಹೆಸರು ಕೂಗಿದಾಗ ಅವಳೇ ತಿರುಗಿ ನೋಡಲಿಲ್ಲವಂತೆ. ಮುಚ್ಚಳ ತಿರುಗಿಸುವ ಯಂತ್ರದ ಪಕ್ಕ ಇಪ್ಪತ್ತೆರಡು ವರ್ಷ ನಿಂತು ನಿಂತು, ಅದು ಕೆಡುವುದಕ್ಕೆ ಕಾಲು ಗಂಟೆ ಮೊದಲೇ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಚಕ್ ಚಕ್ ಎನ್ನುವ ಸದ್ದಿನಲ್ಲಿ ಎಲ್ಲೋ ಒಂದು ಎಳೆ ತಪ್ಪಿದರೆ ಸಾಕು, ಕೈ ಎತ್ತಿ ಬಾಟಲಿ ಸಾಗುವ ಇಡೀ ಸಾಲನ್ನು ನಿಲ್ಲಿಸುತ್ತಿದ್ದಳು. ಪಕ್ಕದ ತಗಡು ಬಿಚ್ಚಿ, ಸಡಿಲವಾದ ಬೆಲ್ಟ್ ಬಿಗಿ ಮಾಡಿ, ಔಷಧಿಯ ಜಿಗುಟು ಹಿಡಿದ ಹಲ್ಲುಗಾಲಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಮತ್ತೆ ಓಡಿಸುತ್ತಿದ್ದಳು. ಮೆಕ್ಯಾನಿಕ್ ಕೈಬೀಸಿಕೊಂಡು ಬರುವಷ್ಟರಲ್ಲಿ ಐನೂರು ಬಾಟಲಿ ಆಚೆ ಹೋಗಿರುತ್ತಿದ್ದವು.

ಹಾಗಾದರೆ ಸೂಪರ್‌ವೈಸರ್ ಏನು ಮಾಡುತ್ತಿದ್ದ ಅಂತ ಕೇಳಬೇಡಿ. ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದ. ಕೆಟ್ಟವನಲ್ಲ ಪಾಪ, ಯಾರ ಮೇಲೂ ಕೂಗಾಡಿದವನಲ್ಲ. ಕೂಗಾಡಬೇಕಾದರೂ ಎದ್ದು ಬರಬೇಕಲ್ಲ! ಯಂತ್ರ ನಿಂತರೆ ಗಾಜಿನೊಳಗಿಂದಲೇ ಹುಬ್ಬು ಎತ್ತುತ್ತಿದ್ದ, ಅವಳು ತಲೆ ಆಡಿಸಿದರೆ ಹುಬ್ಬು ಇಳಿಸುತ್ತಿದ್ದ. ಅಷ್ಟೇ ಅವನ ಮೇಲ್ವಿಚಾರಣೆ.

ಆ ಕೋಣೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಯಂತ್ರ ನಿಂತಾಗೆಲ್ಲ ಅದರಲ್ಲಿ ಬರೆಯಬೇಕು: ಎಷ್ಟು ಹೊತ್ತಿಗೆ ನಿಂತಿತು, ಏನು ಕೆಟ್ಟಿತು, ಎಷ್ಟು ಹೊತ್ತಿಗೆ ಸರಿಯಾಯಿತು. ಕೊನೆಯ ಕಾಲಂ, ಸರಿಪಡಿಸಿದವರು. ಅವಳ ಅಕ್ಷರ ಚೆಂದ ಅಂತ ಬರೆಯುವ ಕೆಲಸವೂ ಅವಳದೇ. ಆದರೆ ಕೊನೆಯ ಕಾಲಮಿನಲ್ಲಿ ಯಾರೇ ಸರಿಪಡಿಸಿರಲಿ ಸೂಪರ್‌ವೈಸರ್ ಹೆಸರೇ ಬರೆಯಬೇಕು, ಅದು ಮೊದಲಿನಿಂದ ಬಂದ ಪದ್ಧತಿ. ಇನ್ನೊಂದು ಕಟ್ಟುನಿಟ್ಟೂ ಇತ್ತು. ಔಷಧಿ ಕಾರ್ಖಾನೆಯಾದ್ದರಿಂದ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೀಟು ಎಳೆದು, ಎಳೆದವರು ಪಕ್ಕದಲ್ಲಿ ಸಹಿ ಹಾಕಬೇಕು. ಕಿವಿಯಕ್ಕ ಒಮ್ಮೆಯೂ ತಪ್ಪು ಬರೆದವಳಲ್ಲ. ಹಾಗಾಗಿ ಆ ಪುಸ್ತಕದಲ್ಲಿ ಅವಳ ಸಹಿ ಒಂದೂ ಇರಲಿಲ್ಲ.

ಇಪ್ಪತ್ತೆರಡು ವರ್ಷ ಇದೆಲ್ಲ ಅವಳಿಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸತೊಡಗಿದ್ದು ಮಂಡಿ ಹೋದ ಮೇಲೆ. ಸಾಲಿನಲ್ಲಿ ಕೂರುವಂತಿಲ್ಲ, ಎಂಟು ಗಂಟೆಯೂ ನಿಂತೇ ಇರಬೇಕು. ಎಡ ಮಂಡಿ ಮೊದಲು ಊದಿತು, ಬಲದ್ದು ಹಿಂದೆಯೇ ಬಂತು. ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ನಿಲ್ಲುವ ಕೆಲಸ ಬಿಡಿ, ಇಲ್ಲದಿದ್ದರೆ ನಡೆಯುವುದನ್ನೇ ಬಿಡಬೇಕಾದೀತು ಎಂದರು. ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಶಾಲೆಯಲ್ಲಿ ಲೆಕ್ಕ ಕಲಿಸುವ ಮಗಳು, ಕೆಲಸ ಬಿಟ್ಟು ಮನೆಯಲ್ಲಿ ಇರಮ್ಮ ಎಂದಳು. ಮನೆಯಲ್ಲಿ ಕೂತು ಏನು ಕೇಳಿಸಿಕೊಳ್ಳಲಿ, ನಲ್ಲಿ ತೊಟ್ಟಿಕ್ಕುವುದನ್ನೇ ಎಂದಳು ತಾಯಿ. ಅವಳಿಗೆ ಯಂತ್ರದ ಹತ್ತಿರ ಇರುವುದೂ ಬೇಕು, ಕೂರುವುದೂ ಬೇಕು. ಇಡೀ ವಿಭಾಗದಲ್ಲಿ ಕುರ್ಚಿ ಇದ್ದದ್ದು ಒಂದೇ, ಗಾಜಿನ ಕೋಣೆಯಲ್ಲಿ.

ಆ ಕುರ್ಚಿ ಖಾಲಿಯಾಗುವುದರಲ್ಲಿತ್ತು. ಸೂಪರ್‌ವೈಸರ್‌ಗೆ ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಬೋರ್ಡಿನ ಮೇಲೆ ಒಂದು ನೋಟೀಸು ಬಿತ್ತು: ಕೆಲಸದ ಜಾಗದಲ್ಲಿ ಎಲ್ಲರಿಗೂ ಸ್ಥಾನ ಇದೆಯೇ, ಹೆಂಗಸರು ಮುಂದೆ ಬರುತ್ತಿದ್ದಾರೆಯೇ, ನಿಜವಾದ ನಾಯಕತ್ವ ಯಾರದು ಎಂಬ ಬಗ್ಗೆ ಅಧ್ಯಯನ ನಡೆಯಲಿದೆ, ಮುಂದಿನ ಸೂಪರ್‌ವೈಸರನ್ನು ಆ ವರದಿ ನೋಡಿಯೇ ಆರಿಸಲಾಗುವುದು. ಲೇಬಲ್ ಹಚ್ಚುವವಳು ಅದನ್ನು ಗಟ್ಟಿಯಾಗಿ ಓದಿದಳು. ಅವಳ ಬಾಯಿಗೆ ಹೆದರಿ ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಿದ್ದರು. ಓದಿ ಮುಗಿಸಿ, ಕಿವಿಯಕ್ಕನ ಬೆನ್ನಿಗೆ ಒಂದು ಗುದ್ದಿ, ಕುರ್ಚಿಗೆ ಮೆತ್ತೆ ಹೊಲಿಸಿಕೋ ಅಕ್ಕ ಎಂದಳು. ಕಿವಿಯಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮೆತ್ತೆಯ ಬಟ್ಟೆಯನ್ನು ನಿಜವಾಗಿಯೂ ಎತ್ತಿಟ್ಟಳು, ಮಗಳಿಗೆ ಮಾತ್ರ ಹೇಳಲಿಲ್ಲ.

ಅಧ್ಯಯನಕ್ಕೆ ಬಂದವಳು ಮೃದು ಮಾತಿನ ಹುಡುಗಿ. ಕನ್ನಡಕ, ಬಟ್ಟೆಯ ಚೀಲ, ಎಲ್ಲರಿಗೂ ನಮಸ್ಕಾರ. ಅವಳಲ್ಲಿ ಕಪಟವಿರಲಿಲ್ಲ, ಅದನ್ನು ಹೇಳಲೇಬೇಕು. ವಿಭಾಗದ ಇಪ್ಪತ್ತಾರು ಜನರಿಗೂ ಒಂದೊಂದು ಕಾಗದ ಹಂಚಿ, ಇದರಲ್ಲಿ ನಿಮ್ಮ ಹೆಸರು ಬರೆಯಬೇಕಾಗಿಲ್ಲ, ಯಾರಿಗೂ ಹೆದರಬೇಡಿ, ಊಟದ ಹೊತ್ತಿನಲ್ಲಿ ತುಂಬಿ ಪೆಟ್ಟಿಗೆಗೆ ಹಾಕಿ ಎಂದಳು. ಪ್ರಶ್ನೆ ಹನ್ನೊಂದು. ಒಂಬತ್ತನೆಯದು, ಯಂತ್ರ ಕೆಟ್ಟಾಗ ನೀವು ಮೊದಲು ಯಾರ ಹತ್ತಿರ ಹೋಗುತ್ತೀರಿ? ಹತ್ತನೆಯದು, ನಿಮ್ಮ ಪಾಲಿಗೆ ಇಲ್ಲಿ ನಿಜವಾದ ಮುಂದಾಳು ಯಾರು?

ಇಪ್ಪತ್ತಾರರಲ್ಲಿ ಹದಿನೆಂಟು ಜನರಿಗೆ ಬರೆಯುವುದೆಂದರೆ ಬೆಟ್ಟ ಹತ್ತಿದ ಹಾಗೆ. ಕೆಲವರಿಗೆ ಅಕ್ಷರ ಬಾರದು, ಕೆಲವರಿಗೆ ಬಂದರೂ ಒಂದು ಸಾಲಿಗೆ ಊಟದ ಹೊತ್ತೇ ಮುಗಿಯುತ್ತದೆ. ಎಂದಿನಂತೆ ಕಾಗದಗಳೆಲ್ಲ ಕಿವಿಯಕ್ಕನ ಮಡಿಲಿಗೆ ಬಂದವು. ಅವಳು ಊಟದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಒಬ್ಬೊಬ್ಬರನ್ನೇ ಕೇಳುತ್ತ ಬರೆದಳು. ಒಂಬತ್ತನೆಯ ಪ್ರಶ್ನೆಗೆ ಬಾಟಲಿ ತೊಳೆಯುವ ಮುದುಕಿ ನಕ್ಕೇಬಿಟ್ಟಳು.

“ಇದನ್ನೂ ಕೇಳ್ಬೇಕಾ? ನಿನ್ ಹೆಸ್ರೇ ಬರ್ಕೋ. ಎರಡಕ್ಕೂ ನಿಂದೇ.”

ಎಲ್ಲರೂ ಅದನ್ನೇ ಅಂದರು. ಹದಿನೆಂಟಕ್ಕೆ ಹದಿನೆಂಟೂ.

ಕಿವಿಯಕ್ಕನ ಪೆನ್ನು ಅಲ್ಲೇ ನಿಂತಿತು. ಹದಿನೆಂಟು ಕಾಗದ, ಒಂದೇ ಕೈಬರಹ, ಒಂದೇ ಹೆಸರು, ಅದೂ ಬರೆದವಳದೇ ಹೆಸರು! ನೋಡಿದವರು ಏನಂದಾರು? ಕುರ್ಚಿಯ ಆಸೆಗೆ ತಾನೇ ಕೂತು ಗೀಚಿಕೊಂಡಿದ್ದಾಳೆ ಅನ್ನುವುದಿಲ್ಲವೇ? ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ತನ್ನ ಬಾಯಿಂದ ತನ್ನ ಹೊಗಳಿಕೆ ಎಂದರೆ ಅವಳಿಗೆ ಮೊದಲಿನಿಂದಲೂ ಮೈ ಮೇಲೆ ಹುಳ ಬಿಟ್ಟ ಹಾಗೆ. ಜೊತೆಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಯಾರು ಸರಿಪಡಿಸಿದರು ಅಂತ ಕಾಗದ ಕೇಳಿದರೆ ಕೈಗೆ ಬರುತ್ತಿದ್ದದ್ದು ಒಂದೇ ಉತ್ತರ. ನಾಳೆ ಆ ಹುಡುಗಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡುತ್ತಾಳಂತೆ, ಆಗ ಇವರೆಲ್ಲ ಬಾಯಿಬಿಟ್ಟು ಹೇಳಿಯೇ ಹೇಳುತ್ತಾರೆ, ಅದೇ ಮರ್ಯಾದೆ ಎಂದುಕೊಂಡಳು. ಹದಿನೆಂಟರಲ್ಲೂ ಸೂಪರ್‌ವೈಸರ್ ಎಂದು ಬರೆದಳು. ತನ್ನ ಕಾಗದದಲ್ಲೂ ಅದನ್ನೇ ಬರೆದು, ಮಡಿಸಿ ಪೆಟ್ಟಿಗೆಗೆ ಹಾಕಿದಳು. ಹೀಗೂ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವವರುಂಟೇ? ಉಂಟು. ಎಷ್ಟು ಅಚ್ಚುಕಟ್ಟಾಗಿ ಹಾಕಿಕೊಂಡಳು ಅಂದರೆ ಕಾಗುಣಿತ ಕೂಡ ತಪ್ಪಲಿಲ್ಲ.

ಮರುದಿನ ಹುಡುಗಿ ಮಾತಾಡಿಸಿದ್ದು ನಿಜ. ಆದರೆ ಮುಂದಾಳಿನ ಮಾತು ಕಾಗದದಲ್ಲಿ ಬಂದಾಗಿತ್ತಲ್ಲ, ಅವಳು ಕೇಳಿದ್ದು ಬೇರೆ. ಶೌಚಾಲಯ ಚೊಕ್ಕಟವಾಗಿದೆಯೇ, ಗಂಡಸರು ಕೆಟ್ಟ ಮಾತಾಡುತ್ತಾರೆಯೇ, ಇಲ್ಲಿ ನೀವು ನಮ್ಮವರು ಅನ್ನಿಸುತ್ತದೆಯೇ. ಕೇಳದಿದ್ದದ್ದನ್ನು ಹೇಳುವ ರೂಢಿ ಆ ಹೆಂಗಸರಿಗಿರಲಿಲ್ಲ. ಎಲ್ಲ ಚೆನ್ನಾಗಿದೆ ಎಂದು ಎದ್ದು ಬಂದರು.

ಎರಡು ತಿಂಗಳ ಮೇಲೆ ದೊಡ್ಡ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ ವರದಿ ಓದಿದರು. ಗೋಡೆಯ ಮೇಲೆ ಬಣ್ಣದ ಚಿತ್ರ ಬಂತು, ದುಂಡಗೆ ಕತ್ತರಿಸಿದ ರೊಟ್ಟಿಯ ಹಾಗೆ. ಮುಚ್ಚಳದ ವಿಭಾಗದ ಇಪ್ಪತ್ತಾರು ಜನರಲ್ಲಿ ಇಪ್ಪತ್ತೊಂದು ಜನ ಸೂಪರ್‌ವೈಸರನ್ನೇ ಮುಂದಾಳು ಎಂದಿದ್ದಾರೆ. ದೀರ್ಘ ಅನುಭವವಿದ್ದರೂ ಇಲ್ಲಿಯ ಹೆಂಗಸರಿಗೆ ತಮ್ಮಲ್ಲೊಬ್ಬರು ಮುನ್ನಡೆಸಬಲ್ಲರು ಎಂಬ ನಂಬಿಕೆ ಬೆಳೆದಿಲ್ಲ. ಐವರು ಕಿವಿಯಕ್ಕ ಎಂದು ಬರೆದಿದ್ದಾರೆ, ಆದರೆ ಆ ಹೆಸರಿನ ಉದ್ಯೋಗಿ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಹೊರಗಿನಿಂದ ತರಬೇತಿ ಪಡೆದ ಮಹಿಳೆಯೊಬ್ಬರನ್ನು ತಂದು ಇವರಿಗೆ ಮಾದರಿಯಾಗಿ ನಿಲ್ಲಿಸಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿವಿಯಕ್ಕನೂ ತಟ್ಟಿದಳು, ಕೈಗೇನು ಗೊತ್ತು!

ಪಟಾಕಿ ಹಾಲಿನಲ್ಲಿಯೇ ಲೆಕ್ಕ ಹಾಕಿ, ನಾವೆಲ್ಲ ಇವಳ ಹೆಸರು ಹೇಳಿದ್ದೆವಲ್ಲ, ಇಪ್ಪತ್ತೊಂದು ಹೇಗಾಯಿತು ಅಂತ ಕಿವಿಯಕ್ಕನ ಮುಖ ನೋಡಿದಳು. ನೋಡಿದ ಕೂಡಲೇ ಅರ್ಥವಾಯಿತು. ಪಟಾಕಿಯ ಬಾಯಿಂದ ಮಾತು ಹೊರಡದೆ ಇದ್ದದ್ದನ್ನು ಜನ ಅವತ್ತು ಮೊದಲ ಸಲ ನೋಡಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಿವಿಯಕ್ಕ ಕುಂಟುತ್ತ ಹೋಗಿ, ಗೇಟಿನ ಹತ್ತಿರ ಕಾರು ಹತ್ತುತ್ತಿದ್ದ ಅಧ್ಯಯನದ ಹುಡುಗಿಯನ್ನು ತಡೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹುಡುಗಿಯ ಮುಖ ಸಣ್ಣದಾಯಿತು. ಹದಿನೆಂಟು ಕಾಗದದಲ್ಲಿ ಒಂದೇ ಅಕ್ಷರ ಇದ್ದದ್ದು ನಿಮಗೆ ಕಾಣಲಿಲ್ಲವೇ ತಾಯಿ ಎಂದು ಕೇಳಿದ್ದಕ್ಕೆ, ಕಂಡಿತ್ತು, ಆದರೆ ಬರೆಯಲು ಬಾರದವರಿಗೆ ಯಾರೋ ಸಹಾಯ ಮಾಡಿದ್ದಾರೆ ಅಂದುಕೊಂಡೆ, ಸೂಪರ್‌ವೈಸರ್ ಹೆಸರು ತಾನೇ, ಅನುಮಾನ ಬರಲಿಲ್ಲ ಎಂದಳು. ತನ್ನ ಹೆಸರಿದ್ದರೆ ಅನುಮಾನ ಬರುತ್ತಿತ್ತೇ ಅಂತ ಕೇಳುವ ಧೈರ್ಯ ಕಿವಿಯಕ್ಕನಿಗೆ ಆಗಲಿಲ್ಲ. ವರದಿ ಮೇಲಕ್ಕೆ ಹೋಗಿಯಾಗಿತ್ತು. ಯಾವ ಕಾಗದ ಯಾರದು ಅನ್ನಲು ಯಾವುದರಲ್ಲೂ ಹೆಸರಿರಲಿಲ್ಲ. ಹುಡುಗಿ ಕೊನೆಗೆ ಕೈ ಹಿಡಿದು ಒಂದೇ ಮಾತು ಕೇಳಿದಳು.

“ನೀವ್ಯಾಕೆ ಹಾಗೆ ಬರೆದ್ರಿ?”

ಅದನ್ನೇ ಮಗಳೂ ಕೇಳಿದಳು, ಬಿಸಿನೀರಿನ ಚೀಲ ಮಂಡಿಗೆ ಇಡುತ್ತ. ಆಮೇಲೆ ಚೀಲವನ್ನು ನೆಲಕ್ಕೆ ಕುಕ್ಕಿ, “ಹದಿನೆಂಟು ಜನ ನಿನ್ನ ಹೆಸ್ರು ಹೇಳಿದ್ರು ಅಮ್ಮಾ. ಬೇಡ ಅಂದಿದ್ದು ನೀನೊಬ್ಳೇ,” ಎಂದಳು. ಲೆಕ್ಕದವಳ ಮಾತು, ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಮೆತ್ತೆಗೆಂದು ಎತ್ತಿಟ್ಟ ಬಟ್ಟೆ ಒಲೆ ಒರೆಸುವುದಕ್ಕೆ ಹೋಯಿತು.

ಹೊಸ ಸೂಪರ್‌ವೈಸರ್ ಬಂದಳು. ಇಪ್ಪತ್ತೇಳರ ವಯಸ್ಸು, ಓದಿದವಳು, ಚುರುಕು. ಈ ಕಾರ್ಖಾನೆಯ ಮೊದಲ ಮಹಿಳಾ ಸೂಪರ್‌ವೈಸರ್ ಅಂತ ಅವಳ ಫೋಟೋ ಗೇಟಿನ ಒಳಗೋಡೆಗೆ ಹಾಕಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಔಷಧಿ ಕಾರ್ಖಾನೆಗೂ ಸರಿಯೇ. ಮದ್ದಲ್ಲದ ಗಿಡಕ್ಕೆ ಒಂದು ಕೆಲಸ ಹೇಳಿದರು: ಹೊಸಬರಿಗೆ ಯಂತ್ರ ಅರ್ಥವಾಗುವವರೆಗೆ ಹೇಳಿಕೊಡಿ. ಕಿವಿಯಕ್ಕ ಹೇಳಿಕೊಟ್ಟಳು. ಕೋಪ ಬರಲೆಂದು ಕಾದಳು, ಬರಲೇ ಇಲ್ಲ. ಹೊಸಬಳು ಅಕ್ಕ ಅಕ್ಕ ಎನ್ನುತ್ತ ಹಿಂದೆ ಹಿಂದೆ ತಿರುಗುತ್ತ, ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಆದರೆ ಯಂತ್ರದ ಸದ್ದನ್ನು ಪುಸ್ತಕದಲ್ಲಿ ಹೇಗೆ ಬರೆದುಕೊಳ್ಳುವುದು? ಅಷ್ಟರಲ್ಲಿ ಮಂಡಿ ಪೂರ್ತಿ ಸೋತಿತು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಕಿವಿಯಕ್ಕ ಬರೆದು ಕೊಟ್ಟಳು.

ಕೊನೆಯ ದಿನ ಮಧ್ಯಾಹ್ನ ಸದ್ದು ತಪ್ಪಿತು. ಅವಳು ಕೈ ಎತ್ತಿದಳು, ಸಾಲು ನಿಂತಿತು. ಬಗ್ಗಲು ಆಗದೆ ನೆಲದ ಮೇಲೆ ಕೂತೇ ತಗಡು ಬಿಚ್ಚಿ, ಹಲ್ಲುಗಾಲಿ ಒರೆಸಿ, ಹನ್ನೆರಡು ನಿಮಿಷದಲ್ಲಿ ಓಡಿಸಿದಳು. ಪಟಾಕಿ ಹಿಡಿದು ಎಬ್ಬಿಸಬೇಕಾಯಿತು. ಹೊಸ ಸೂಪರ್‌ವೈಸರ್ ಅವಳನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ, ತನ್ನ ಕುರ್ಚಿ ಎಳೆದು, ಕೂತು ಬರೀರಿ ಅಕ್ಕ ಎಂದಳು.

ಕಿವಿಯಕ್ಕ ಕೂತಳು. ಎಷ್ಟು ಹಿತವಾಗಿತ್ತು ಎಂದರೆ ಕಣ್ಣಲ್ಲಿ ನೀರು ಬಂತು. ಹೊತ್ತು ಬರೆದಳು, ಕೆಟ್ಟದ್ದು ಬರೆದಳು, ಸರಿಯಾದ ಹೊತ್ತು ಬರೆದಳು. ಕೊನೆಯ ಕಾಲಮಿಗೆ ಬಂದಾಗ ಗಾಜಿನ ಆಚೆ ಪಟಾಕಿ ನಿಂತು ನೋಡುತ್ತಿದ್ದಳು. ಕಿವಿಯಕ್ಕ ಸರಿಪಡಿಸಿದವರು ಎಂಬಲ್ಲಿ ತನ್ನ ಹೆಸರು ಬರೆದಳು. ಹಾಜರಿ ಪುಸ್ತಕದ ಪೂರಾ ಹೆಸರು, ತಂದೆ ತಾಯಿ ಇಟ್ಟದ್ದು. ಬರೆದು ನೋಡಿದರೆ ಯಾರೋ ಪರಿಚಯವಿಲ್ಲದವಳ ಹೆಸರಿನ ಹಾಗೆ ಕಂಡಿತು.

ಹೊಸ ಸೂಪರ್‌ವೈಸರ್ ಬಗ್ಗಿ ನೋಡಿದಳು. ಹೇಳುವುದಕ್ಕೆ ಅವಳಿಗೂ ಸಂಕಟವಾಯಿತು.

“ಅಕ್ಕ, ಸೋಮವಾರ ಆಡಿಟ್ ಇದೆ. ಅಲ್ಲಿ ಸೂಪರ್‌ವೈಸರ್ ಹೆಸ್ರೇ ಇರ್ಬೇಕಂತೆ. ನೀವೇ ಮೊದಲನೇ ದಿನ ಹೇಳ್ಕೊಟ್ರಲ್ಲ.”

ಹೌದು, ಅವಳೇ ಹೇಳಿಕೊಟ್ಟಿದ್ದಳು. ಕಿವಿಯಕ್ಕ ತಲೆ ಆಡಿಸಿದಳು. ಅಡಿಕೋಲು ಇಟ್ಟು, ಕೆಳಗಿನ ಅಕ್ಷರ ಕಾಣುವ ಹಾಗೆ, ತನ್ನ ಹೆಸರಿನ ಮೇಲೆ ಒಂದೇ ಗೀಟು ಎಳೆದಳು. ಅದರ ಮೇಲ್ಗಡೆ ಹೊಸ ಸೂಪರ್‌ವೈಸರ್ ಹೆಸರು ಬರೆದಳು. ಆಮೇಲೆ ನಿಯಮದ ಪ್ರಕಾರ, ಗೀಟು ಎಳೆದವರು ಹಾಕಬೇಕಾದ ಜಾಗದಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಪುಸ್ತಕದಲ್ಲಿ ಸಹಿ ಹಾಕಿದಳು.