ಎರಡು ಮುಚ್ಚಳ ಬ್ರಾಂದಿ

ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ಹತ್ತಿಗೆ ಸ್ಪಿರಿಟ್ ಅದ್ದಿ ಮೊಮ್ಮಗಳ ತೊಡೆ ಒರೆಸಿ ಸೂಜಿ ಚುಚ್ಚಿದಳು. ಮಗು ಕಿರುಚಿತು, ಎಲ್ಲರೂ ಅದರ ಸುತ್ತ ಸೇರಿದರು. ನಾನು ಮಾತ್ರ ಆ ಘಾಟು ಮೂಗಿಗೆ ಬಡಿದು ಬೆಂಚಿನ ಮೇಲೆ ಕೂತುಬಿಟ್ಟೆ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ನನ್ನ ಮಗಳು ಹೆತ್ತಿದ್ದಾಳೆ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದ್ದೇನೆ, ಸೊಪ್ಪಿನವಳಿಗೆ ಎರಡೆರಡು ಸಲ ಸಕ್ಕರೆ ಕೊಟ್ಟಿದ್ದೇನೆ. ಇಷ್ಟೊಂದು ಸಂತೋಷವನ್ನು ಎಲ್ಲಿಡಲಿ ಅನ್ನಿಸುತ್ತದೆ. ಆದರೂ ಆ ವಾಸನೆಗೆ ಒಬ್ಬ ಹೆಂಗಸು ಕಣ್ಣ ಮುಂದೆ ಬಂದು ನಿಂತಳು... ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮದು ಶೀಟಿನ ಮನೆ. ನನಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನವೂ ಅತ್ತೆಯ ಮನೆಯಲ್ಲೇ. ನಮ್ಮ ಬೀದಿಯ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬಾಕೆ ದಿನಾ ಸುಂಕದಕಟ್ಟೆಯಿಂದ ನಡೆದು ಬರುತ್ತಿದ್ದಳು. ಗಂಡ ಸಾರಾಯಿ ಕುಡಿದೇ ಸತ್ತಿದ್ದ. ಈ ನಾಲ್ಕು ಮನೆಯ ಬಚ್ಚಲೇ ಆಯಮ್ಮನ ಅನ್ನ.

ನಾನು ಬಸುರಿಯಾಗಿದ್ದಾಗಲೇ ಮೊಲೆ ಭಾರವಾಗಿ, ನೀಲಿ ನರ ಎದ್ದು, ತೊಟ್ಟು ನೇರಳೆ ಹಣ್ಣಿನಂತೆ ಕಪ್ಪಾಗಿತ್ತು. ಯಾವುದೋ ರೋಗ ಎಂದು ಹೆದರಿದ್ದೆ. ಅತ್ತೆಯನ್ನು ಕೇಳಲು ನಾಚಿಕೆ, ಗಂಡನನ್ನು ಕೇಳುವ ಹಾಗೇ ಇಲ್ಲ. ಕೊನೆಗೆ ಬೀದಿ ನಲ್ಲಿಯ ಹತ್ತಿರ ಆಯಮ್ಮನನ್ನು ಕೇಳಿದೆ. ಆಕೆ ಸೊಂಟಕ್ಕೆ ಕೈಕೊಟ್ಟು ನಕ್ಕಳು.

"ಅಯ್ಯೋ ಹುಚ್ಚವ್ವಾ, ಹುಟ್ಟಿದ ಕೂಸಿಗೆ ಕಣ್ಣು ಮಂಜು ಮಂಜು. ಕರ್ರಗಿದ್ರೆ ತಾನೇ ಅದರ ಬಾಯಿಗೆ ಸಿಗೋದು!"

ಹೆರಿಗೆಯಾಯಿತು, ಈಗ ಹೆತ್ತಿರುವ ಇದೇ ಮಗಳು. ಬಾಣಂತಿಗೆ ಶೀತವಾಗಬಾರದು, ಹಾಲು ಇಳಿಯಬೇಕು ಎಂದು ಅತ್ತೆ ದಿನಾ ಎರಡು ಹೊತ್ತೂ ಬಿಸಿನೀರಿಗೆ ಎರಡು ಮುಚ್ಚಳ ಬ್ರಾಂದಿ ಬೆರೆಸಿ, ನಾನು ನುಂಗುವವರೆಗೂ ಎದುರಿಗೇ ಕೂರುತ್ತಿದ್ದರು. ಅವರದು ಕೆಟ್ಟ ಮನಸ್ಸಲ್ಲ, ಅವರ ಬಾಣಂತನದಲ್ಲೂ ಹಾಗೇ ಕೊಟ್ಟಿದ್ದರಂತೆ. ನನ್ನ ಕೂಸು ಅಳುತ್ತಲೇ ಇರಲಿಲ್ಲ. "ಬಂಗಾರದಂಥ ಮಗು ಕಣೇ, ಇದೆ ಅನ್ನೋದೇ ಗೊತ್ತಾಗಲ್ಲ" ಎಂದು ಅಕ್ಕಪಕ್ಕದವರೂ ಮೆಚ್ಚಿದ್ದೇ ಮೆಚ್ಚಿದ್ದು. ನನ್ನ ಮೊಲೆ ಮಾತ್ರ ಕಲ್ಲಾಗಿ, ಮುಟ್ಟಿದರೆ ಪ್ರಾಣ ಹೋಗುವ ಹಾಗಾಗಿ, ಜ್ವರ ಬಂತು.

ಆಯಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಬಿಸಿನೀರು ಬಿದ್ದರೂ ಕೂಸು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆಯಮ್ಮ ಅದರ ಬಾಯಿ ಮೂಸಿದಳು, ಆಮೇಲೆ ನನ್ನ ಬಾಯಿ ಮೂಸಿದಳು.

"ಇದು ನಿದ್ದೆ ಅಲ್ಲ ಕಣವ್ವಾ, ಅಮಲು. ನೀನು ಕುಡಿದಿದ್ದು ಹಾಲಲ್ಲಿ ಇಳೀತೈತೆ. ಕೂಸು ಸೀಪ್ತಾ ಇಲ್ಲ, ಅದಕ್ಕೇ ನಿನ್ನ ಎದೆ ಕಟ್ಕೊಂಡೈತೆ."

ಅತ್ತೆಗೆ ಹೇಳಿದರೆ ಕೇಳುವವರಲ್ಲ. ಬಾಟಲಿ ಖಾಲಿ ಮಾಡುವ ಉಪಾಯ ನನ್ನದೇ. ನಾನೇ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ತಂದು ಮೋರಿಗೆ ಸುರಿದೆ. ಆಯಮ್ಮ ಬೆಲ್ಲ, ಶುಂಠಿ, ಮೆಣಸು ಹಾಕಿ ಕಾಯಿಸಿ ತಂದ ಕಷಾಯವನ್ನು ತುಂಬಿಸಿದಳು. ಬಣ್ಣ ಅದೇ, ಬಾಟಲಿಗೆ ಹಿಡಿದಿದ್ದ ಘಾಟು ಅದೇ, ಗಂಟಲಲ್ಲಿ ಉರಿಯೂ ಅದೇ. ಹಬೆಯಲ್ಲಿ ಕಾಯಿಸಿದ ಬಟ್ಟೆ ಒತ್ತಿ, ಕಂಕುಳ ಕಡೆಯಿಂದ ಮೆಲ್ಲಗೆ ನೀವಿ ಕಟ್ಟಿದ ಹಾಲು ಇಳಿಸಿದಳು. ಮೂರನೆಯ ದಿನ ಕೂಸು ಬೀದಿಗೆಲ್ಲ ಕೇಳುವಂತೆ ಅತ್ತಿತು. ನಾವಿಬ್ಬರೂ ಬಚ್ಚಲಲ್ಲಿ ಕೂತು ನಕ್ಕೆವು...

ವಾರವೂ ಕಳೆದಿರಲಿಲ್ಲ. ಮಾವನವರಿಗೆ ನೆಗಡಿಯಾಗಿ ಬಾಟಲಿ ಎತ್ತಿದವರು ಪುಸಕ್ಕನೆ ಉಗಿದರು.

"ಥೂ! ಶುಂಠಿ ಕಷಾಯಾನೂ ಬ್ರಾಂದಿ ಅಂಗಡೀಲಿ ಮಾರಕ್ಕೆ ಶುರು ಮಾಡಿದ್ರೇನೇ?"

ಅತ್ತೆ ನೇರ ಬಚ್ಚಲಿಗೇ ಬಂದು ಆಯಮ್ಮನ ಮೇಲೆ ಎಗರಿದರು. "ಬೆಳಬೆಳಿಗ್ಗೇನೇ ನನ್ನ ಮನೇಲಿ ಕುಡೀತಿದ್ದೆಯೇನೇ? ಅದಕ್ಕೇ ಬಾಗಿಲು ಹಾಕ್ಕೊಂಡು ಅಷ್ಟೊತ್ತು!"

"ಬಾಯಿ ಮೂಸಿ ನೋಡ್ರಮ್ಮಾ. ನನ್ನ ಗಂಡನ್ನ ತಿಂದಿದ್ದೇ ಆ ಹಾಳಾದ್ದು. ನಾನು ಕುಡೀತೀನಾ?"

"ನಿನ್ನ ಬಾಯಿ ಮೂಸಕ್ಕೆ ನಾನೇನು ನಾಯೀನಾ?"

ಆಯಮ್ಮ ನನ್ನ ಕಡೆ ನೋಡಿದಳು. ನನ್ನ ಹೆಸರು ಹೇಳಿ ತಾನು ಪಾರಾಗಬಹುದಿತ್ತು, ಅದನ್ನು ಮಾಡಲಿಲ್ಲ. ನಾನೇ ಚೆಲ್ಲಿದ್ದು ಎಂದು ಒಂದು ಮಾತು ನನ್ನಿಂದ ಬಂದಿದ್ದರೆ ಸಾಕಿತ್ತು. ನಾನು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಕಿವಿಯ ಮೇಲೆ ಎಳೆದುಕೊಂಡೆ... ಬಾಣಂತಿಗೆ ಗಾಳಿ ತಾಕಿತೇನೋ ಅನ್ನುವ ಹಾಗೆ.

ಆಕೆ ಮಿಕ್ಕ ನೀರು ಹಾಕಿ ಮುಗಿಸಿದಳು. ಸಾಂಬ್ರಾಣಿ ಹೊಗೆ ಹಿಡಿದು, ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟಳು. "ಎದೆ ಕಟ್ಟಕ್ಕೆ ಬಿಡಬೇಡ" ಎಂದಳು. ಹೊರಟಳು.

ಹೊಸ ಬಾಟಲಿ ಬಂತು. ನಾನು ಎರಡು ದಿನ ವಾಂತಿ ಬರುತ್ತದೆಂದು ಉಗಿದೆ. ಅತ್ತೆ, "ಒಗ್ಗದಿದ್ರೆ ಬಿಡು" ಎಂದು ಸುಮ್ಮನಾದರು. ಅಷ್ಟು ಸುಲಭವಿತ್ತು! ಆಯಮ್ಮನ ಕತೆ ಮಾತ್ರ ಅಲ್ಲಿಗೆ ಮುಗಿದಿರಲಿಲ್ಲ. ಕುಡುಕಿ ಎಂದು ಬೀದಿಯ ಉಳಿದ ಮನೆಯವರೂ ಬಾಗಿಲು ಹಾಕಿದರು.

ವರ್ಷ ಕಳೆದ ಮೇಲೆ ಮಾಗಡಿ ರಸ್ತೆಯಲ್ಲಿ ಕಂಡಳು. ಮನೆ ಕಟ್ಟುವ ಕಡೆ ಜಲ್ಲಿ ಹೊರುತ್ತಿದ್ದಳು. ಆ ಹೊತ್ತಿಗೆ ನನ್ನ ಮೊಲೆ ಇಳಿದು ಬತ್ತಿದ ಚೀಲದಂತಾಗಿತ್ತು. ಮಗಳು ಸೊಂಟದ ಮೇಲೆ ಕೂತು ರವಿಕೆ ಎಳೆಯುತ್ತಿದ್ದಳು. ಆಯಮ್ಮ ತಲೆಯ ಮೇಲಿನ ಜಲ್ಲಿ ಬಾಣಲಿ ಇಳಿಸಿ ಓಡಿಬಂದಳು.

"ಇನ್ನೂ ಕುಡೀತಾಳಾ? ಕುಡೀಲಿ ಬಿಡವ್ವಾ!"

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಂದ ಮಾತು, "ಬಸ್ಸು ಬಂತು, ಬರ್ತೀನಿ." ಆಮೇಲೆ ಆಕೆಯನ್ನು ನಾನು ನೋಡಲೇ ಇಲ್ಲ. ಈಗ ಇರಲಾರಳು.

ನಿನ್ನೆ ಮಧ್ಯಾಹ್ನ ಬೀಗಿತ್ತಿ ನನ್ನ ಮಗಳನ್ನು ತೋರಿಸಿ, "ನಿಮ್ಮ ಅತ್ತೆ ಒಳ್ಳೇ ಬಾಣಂತನ ಮಾಡಿರಬೇಕು, ಎಷ್ಟು ಗಟ್ಟಿಯಾಗಿ ಬೆಳೆದಿದಾಳೆ!" ಎಂದರು. ನಾನು ಹ್ಞೂಂ ಎಂದುಬಿಟ್ಟೆ. ಅವರು ಹೋದ ಮೇಲೆ ಮಗಳ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. "ಆಗ ನೀನು ಚಿಕ್ಕವಳು, ಹೆದರಿದ್ದೆ, ಇರಲಿ ಬಿಡಮ್ಮ" ಎನ್ನುತ್ತಾಳೆಂದು ಕಾದೆ.

"ಒಂದು ಮಾತು ಹೇಳ್ಬೋದಿತ್ತಲ್ಲಮ್ಮಾ" ಎಂದಳು.

"ಹೇಳ್ಬೋದಿತ್ತು ಕಣೇ."

ಮಗು ಎದ್ದು ಅತ್ತಿತು. ಅವಳು ಎತ್ತಿಕೊಂಡು ಎದೆಗೆ ಹಿಡಿದಳು. ಅದು ಕುಡಿದು ಮುಗಿಸುವವರೆಗೂ ನನ್ನ ಕಡೆ ತಿರುಗಿ ನೋಡಲಿಲ್ಲ.